ಅಪ್ಪಯ್ಯನ ಕ್ಯಾಸೆಟ್ಟುಗಳನ್ನು ಕ್ಲೌಡಿಗೆ ಏರಿಸಿದ್ದು

ಹೋದ ಮೇ ತಿಂಗಳು. ಮಳೆಗಾಲ ಇನ್ನೂ ಬಂದಿರಲಿಲ್ಲ, ಸಂಜೆ ಹೊತ್ತಿಗೆ ಗುಡುಗು ಮಾತ್ರ ಶುರುವಾಗಿತ್ತು. ನಮ್ಮ ಕುಂದಾಪುರದ ಕಡೆ ಗುಡುಗು ಕೇಳಿದ ಕೂಡಲೇ ಪ್ಲಗ್ಗು ಕೀಳಬೇಕು ಅನ್ನುವುದು ಸಣ್ಣ ಮಕ್ಕಳಿಗೂ ಗೊತ್ತು. ಟಿ.ವಿ.ಯದ್ದು ಕಿತ್ತೆ, ರೌಟರಿನದ್ದು ಕಿತ್ತೆ. ಮಾಳಿಗೆಯಲ್ಲಿದ್ದ ಹಳೇ ಡೆಸ್ಕ್‌ಟಾಪಿನದ್ದು ಮರೆತೆ. ಸಿಡಿಲು ಬಿದ್ದದ್ದು ಹಿಂದಿನ ಗದ್ದೆಯ ತೆಂಗಿನಮರಕ್ಕೆ. ನಮ್ಮಲ್ಲಿ ಪವರ್ ಸಪ್ಲೈ ಸುಟ್ಟ ವಾಸನೆ ಬಂತು, ಅದರ ಜೊತೆಗೆ 6 ಟಿಬಿ ಹಾರ್ಡ್ ಡಿಸ್ಕಿನ ಬೋರ್ಡೂ ಹೋಯಿತು.

ಅದರ ನಕಲು ಇದ್ದದ್ದು ಅದೇ ಕಂಪ್ಯೂಟರಿಗೆ ಯಾವಾಗಲೂ ಚುಚ್ಚಿಕೊಂಡೇ ಇರುತ್ತಿದ್ದ ಯುಎಸ್‌ಬಿ ಡಿಸ್ಕಿನಲ್ಲಿ. ಹಿಂದಿನ ವಾರ ಅಕ್ಕನ ಮಗನಿಗೆ ಫೋಟೋ ತೋರಿಸಲು ಅದನ್ನು ಕಿತ್ತು ತಂದಿದ್ದವನು, ಮತ್ತೆ ಮಾಳಿಗೆ ಹತ್ತಲು ಉದಾಸೀನ ಮಾಡಿ ಕೆಳಗೆ ಕಪಾಟಿನಲ್ಲೇ ಇಟ್ಟಿದ್ದೆ. ಆ ಉದಾಸೀನದಿಂದ ಎಲ್ಲ ಉಳಿಯಿತು. ಹೊಸ 8 ಟಿಬಿ ಡಿಸ್ಕು, ಹೊಸ ಪವರ್ ಸಪ್ಲೈ ಹಾಕಿ, ಡೆಬಿಯನ್ 12 ಲಿನಕ್ಸ್ ಕೂರಿಸಿ, ಎಲ್ಲವನ್ನೂ ವಾಪಸ್ ನಕಲು ಮಾಡಿಕೊಂಡೆ. ಮನೆಯ ಹೊರಗೆ ಒಂದು ಪ್ರತಿ ಇರಲೇಬೇಕು ಅಂತ ತೀರ್ಮಾನವಾದದ್ದು ಆ ವಾರ.

ಏನೇನಿದೆ ಅಂತ ಮೊದಲು ಲೆಕ್ಕ. ಅಪ್ಪಯ್ಯ ನಲವತ್ತು ವರ್ಷ ಟೇಪ್‌ರೆಕಾರ್ಡರ್ ಹಿಡಿದುಕೊಂಡು ತಾಳಮದ್ದಲೆ, ಬಯಲಾಟ ಅಂತ ತಿರುಗಿದವರು. ಅವರ 580 ಕ್ಯಾಸೆಟ್ಟುಗಳನ್ನು ನಾನು 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲುಗಳಾಗಿ ಇಳಿಸಿಟ್ಟಿದ್ದೆ. ಹೀಗೆ ಇಳಿಸಿದರೆ 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಒಂದೂವರೆ ಜಿಬಿ ಮೇಲೆ ಬೇಕು. ಒಟ್ಟು 760 ಜಿಬಿ. ಆಮೇಲೆ ಭಾವ ಕೊಡಿಸಿದ ಕ್ಯಾಮೆರಾದ ಮಿನಿ ಡಿವಿ ಟೇಪು 112. ಡಿವಿ ಗಂಟೆಗೆ 13 ಜಿಬಿ ತಿನ್ನುತ್ತದೆ, ಅಲ್ಲಿಗೆ 1.45 ಟಿಬಿ. ಮನೆಯವರೆಲ್ಲರ ಫೋಟೋ, ಫೋನಿನ ವಿಡಿಯೋ ಸೇರಿ 900 ಜಿಬಿ. ಒಟ್ಟು ಮೂರು ಟಿಬಿ ದಾಟಿತು.

ಇಷ್ಟು ದೊಡ್ಡ ಗಂಟಿಗೆ ಯಾವ ಬ್ಯಾಕಪ್ ಅಂತ ಕೇಳಿದರೆ ಮೊದಲು ಬರುವ ಉತ್ತರ ‘ಗೂಗಲ್ ಡ್ರೈವಿಗೆ ಹಾಕು ಮಾರಾಯ’. ತಿಂಗಳಿಗೆ 650 ರೂಪಾಯಿಯ ಪ್ಲಾನಿನಲ್ಲಿ ಆಗ ಸಿಗುತ್ತಿದ್ದದ್ದು 2 ಟಿಬಿ, ನನ್ನದು ಹಿಡಿಸುತ್ತಿರಲಿಲ್ಲ. ಹಿಡಿಸಿದ್ದರೂ ಅದು ಸಿಂಕ್: ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಟ್ಟದ್ದಾಗಿ ಹೋಗಿ ಕೂರುತ್ತದೆ. ‘ಅನ್‌ಲಿಮಿಟೆಡ್’ ಎಂಬ ಬೋರ್ಡು ಹಾಕಿದವರ ಕತೆಯೂ ಗೊತ್ತಿರಬೇಕು. ಅಮೆಜಾನ್ ಡ್ರೈವಿನ ಮಿತಿಯಿಲ್ಲದ ಪ್ಲಾನು 2017ರಲ್ಲಿ ನಿಂತಿತು, ಮನೆಬಳಕೆಯ ಕ್ರ್ಯಾಶ್‌ಪ್ಲಾನ್ 2018ರಲ್ಲಿ ಮುಗಿಯಿತು, ಗೂಗಲ್ ಫೋಟೋಸಿನ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ. ಈಗಲೂ ಉಳಿದಿರುವುದು ಬ್ಯಾಕ್‌ಬ್ಲೇಜ್‌ನ ಪರ್ಸನಲ್ ಬ್ಯಾಕಪ್. ಒಂದೇ ಕಂಪ್ಯೂಟರು, ಅದೂ ವಿಂಡೋಸ್ ಇಲ್ಲವೇ ಮ್ಯಾಕ್ ಇಟ್ಟುಕೊಂಡವರು ಕೇಳಿದರೆ ನಾನು ಅದನ್ನೇ ಹೇಳುವುದು, ತಲೆಬಿಸಿ ಇಲ್ಲ. ಲಿನಕ್ಸಿಗೆ ಅದು ಇಲ್ಲ.

ಹಾಗಾಗಿ ಜಾಗ ಬೇರೆ, ತಂತ್ರಾಂಶ ಬೇರೆ ಅಂತ ಎರಡಾಗಿ ಹುಡುಕಬೇಕಾಯಿತು. ಮುಖ ಚೆಂದ ಇದ್ದ ಒಂದು ತಂತ್ರಾಂಶವನ್ನು ಮೊದಲು ನೋಡಿದೆ. ಬ್ರೌಸರಿನಲ್ಲೇ ತೆರೆಯುತ್ತದೆ, ಗುಂಡಿ ಒತ್ತಿದರೆ ಆಯಿತು. 60 ಜಿಬಿ ಏರಿಸಿ ನೋಡುವಷ್ಟರಲ್ಲಿ ಕರೆಂಟು ಹೋಯಿತು, ಅದು ತನ್ನ ಲೆಕ್ಕಪತ್ರ ಇಟ್ಟುಕೊಳ್ಳುವ ಡೇಟಾಬೇಸು ಕೆಟ್ಟಿತು. ಮತ್ತೆ ಕಟ್ಟಿಕೊಳ್ಳಲು ಎರಡು ರಾತ್ರಿ ತಗೊಂಡಿತು. 60 ಜಿಬಿಗೆ ಎರಡು ರಾತ್ರಿ! ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಇದು ನಡೆಯುವ ಮಾತಲ್ಲ. ಬೋರ್ಗ್ ಎಂಬ ತಂತ್ರಾಂಶ ಒಳ್ಳೆಯದೇ, ಆದರೆ ಆಚೆ ಬದಿಯಲ್ಲೂ ಎಸ್‌ಎಸ್‌ಎಚ್ (ದೂರದಿಂದ ಒಳಹೊಕ್ಕು ಕೆಲಸ ಮಾಡುವ ದಾರಿ) ಇರುವ ಒಂದು ಯಂತ್ರ ಬೇಕು. ಕೊನೆಗೆ ಉಳಿದದ್ದು ರೆಸ್ಟಿಕ್ ಮತ್ತು ಆರ್‌ಕ್ಲೋನ್. ಎರಡೂ ಕಪ್ಪು ಪರದೆಯ ಮೇಲೆ ಟೈಪು ಮಾಡಿ ಓಡಿಸುವಂಥವು, ಎರಡೂ ಪುಕ್ಕಟೆ.

ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರು ತುಂಬಾ ಜನ, ಆದರೆ ಕೆಲಸ ಒಂದೇ ಅಲ್ಲ. ಆರ್‌ಕ್ಲೋನ್ ಫೈಲನ್ನು ಫೈಲಾಗಿಯೇ ಸಾಗಿಸುತ್ತದೆ, ಬೇಕಿದ್ದರೆ ದಾರಿಯಲ್ಲಿ ಬೀಗ ಹಾಕುತ್ತದೆ, ಅಂದರೆ ಪಾಸ್‌ವರ್ಡ್ ಇಲ್ಲದವರಿಗೆ ಓದಲಾಗದಂತೆ ಮಾಡುತ್ತದೆ. ರೆಸ್ಟಿಕ್ ಫೈಲನ್ನು ತುಂಡು ತುಂಡು ಮಾಡಿ, ಒಂದೇ ಥರದ ತುಂಡು ಎರಡನೇ ಸಲ ಬಂದರೆ ಬಿಟ್ಟು, ಉಳಿದದ್ದನ್ನು ಬೀಗ ಹಾಕಿ ಮೂಟೆ ಕಟ್ಟಿ ಕಳಿಸುತ್ತದೆ. ಪ್ರತಿ ಸಲದ್ದೂ ಒಂದೊಂದು ಸ್ನ್ಯಾಪ್‌ಶಾಟ್, ಆ ದಿನ ಎಲ್ಲ ಹೇಗಿತ್ತೋ ಹಾಗೆ. ನನ್ನಂಥ ಅಚ್ಚುಕಟ್ಟಿಲ್ಲದವನಿಗೆ ಇದು ವರ. ‘ಫೋಟೋ ಹೊಸ’, ‘ಫೋಟೋ ಹೊಸ 2’, ‘ಅಕ್ಕನ ಲ್ಯಾಪ್‌ಟಾಪಿಂದ್ದು’, ‘ಇದು ಸರಿಯಾದ್ದು’ ಅಂತ ನಾಲ್ಕು ಫೋಲ್ಡರಿನಲ್ಲಿ ಒಂದೇ ಮದುವೆಯ ಫೋಟೋ ಇತ್ತು. 900 ಜಿಬಿ ಫೋಟೋ ರೆಸ್ಟಿಕ್‌ನೊಳಗೆ ಹೋಗಿ 590 ಆಯಿತು. ನಾಳೆ ನಾನು ಫೋಲ್ಡರುಗಳ ಹೆಸರು ಬದಲಿಸಿ ಜೋಡಿಸಿದರೂ ಮತ್ತೆ ಅಪ್‌ಲೋಡ್ ಆಗುವುದಿಲ್ಲ.

ಜಾಗದ ಲೆಕ್ಕ ಹಾಕಲು ಒಂದು ಭಾನುವಾರ ಪೂರ್ತಿ ಹೋಯಿತು. ಬ್ಯಾಕ್‌ಬ್ಲೇಜ್‌ನವರೇ ಬಾಡಿಗೆಗೆ ಕೊಡುವ ಜಾಗ ಬಿ2, ಆಗ ಟಿಬಿಗೆ ತಿಂಗಳಿಗೆ 6 ಡಾಲರ್ ಇತ್ತು. ಇಟ್ಟದ್ದರ ಮೂರು ಪಟ್ಟಿನವರೆಗೆ ಪ್ರತಿ ತಿಂಗಳು ತೆಗೆಯಲು ದುಡ್ಡಿಲ್ಲ. ಅಮೆಜಾನಿನ ಗ್ಲೇಸಿಯರ್ ಡೀಪ್ ಆರ್ಕೈವ್, ಅಮೆರಿಕದ ಪೂರ್ವದ ಕೇಂದ್ರದಲ್ಲಿ, ಟಿಬಿಗೆ ಹೆಚ್ಚುಕಮ್ಮಿ ಒಂದೇ ಡಾಲರ್! ಆಸೆಯಾಗುತ್ತದೆ. ಆದರೆ ಅಲ್ಲಿ ಇಟ್ಟದ್ದು ಕೇಳಿದ ಕೂಡಲೇ ಸಿಗುವುದಿಲ್ಲ, 12 ಗಂಟೆ ಕಾಯಬೇಕು, ಕಡಿಮೆ ದರದ ಬಲ್ಕ್ ಅಂದರೆ 48 ಗಂಟೆಯವರೆಗೆ. 180 ದಿನಕ್ಕೆ ಮೊದಲು ಅಳಿಸಿದರೂ 180 ದಿನದ ಬಾಡಿಗೆ ಕೊಡಬೇಕು. ಹೊರಗೆ ತರುವಾಗ ತಿಂಗಳಿಗೆ ಮೊದಲ 100 ಜಿಬಿ ಬಿಟ್ಟು ಉಳಿದದ್ದಕ್ಕೆ ಜಿಬಿಗೆ 9 ಸೆಂಟ್. ನನ್ನ ಡಿವಿ ಟೇಪು ಅಷ್ಟನ್ನೂ ಒಂದು ಸಲ ವಾಪಸ್ ತರಿಸಿದರೆ 120 ಡಾಲರ್ ದಾಟುತ್ತದೆ. ಏಳು ವರ್ಷ ಇಟ್ಟ ಬಾಡಿಗೆಯನ್ನು ಒಂದೇ ವಾರದಲ್ಲಿ ಕೊಟ್ಟ ಹಾಗೆ.

ಇಲ್ಲಿಂದ ನಾನು ಇಡುವ ದರ ನೋಡುವುದನ್ನು ಬಿಟ್ಟು, ಪ್ರತಿಯೊಂದು ರಾಶಿಯ ಮುಂದೆಯೂ ‘ಇದನ್ನು ಎಷ್ಟು ಸಲ ವಾಪಸ್ ಕೇಳುತ್ತೇನೆ’ ಅಂತ ಬರೆದುಕೊಂಡೆ. ಕ್ಯಾಸೆಟ್ಟಿನ ಆಡಿಯೋ ಆಗಾಗ ಬೇಕು, ಯಾರೋ ಭಾಗವತರ ಮೊಮ್ಮಗ ಫೋನು ಮಾಡಿ ಕೇಳುತ್ತಾನೆ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ, ಎಷ್ಟೋ ಇನ್ನೊಮ್ಮೆ ಓಡುವುದಿಲ್ಲ. ಫೋಟೋಗಳಿಗೆ ದಿನವೂ ಹೊಸತು ಸೇರುತ್ತದೆ. ಡಿವಿ ಹಾಗಲ್ಲ. ಮೂಲ ಟೇಪು ಇದೆ, ಮನೆಯಲ್ಲಿ ಎರಡು ಡಿಸ್ಕಿನಲ್ಲಿದೆ, ಅದರಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಕ್ಲೌಡಿನದ್ದು ಬೇಕಾಗುವುದು ಮನೆಯೇ ಹೋದರೆ ಮಾತ್ರ. ಹಾಗಾಗಿ ಆಡಿಯೋ, ಫೋಟೋ ರೆಸ್ಟಿಕ್ ಮೂಲಕ ಬಿ2ಗೆ. ಡಿವಿ ಆರ್‌ಕ್ಲೋನ್ ಮೂಲಕ ಬೀಗ ಹಾಕಿ ಡೀಪ್ ಆರ್ಕೈವ್‌ಗೆ. ವೇವ್ ಫೈಲುಗಳನ್ನು ಫ್ಲಾಕ್ (ಸದ್ದು ಕೆಡದಂತೆ ಹಿಂಡಿಡುವ ರೂಪ) ಮಾಡಿದೆ, 760 ಜಿಬಿ 430ಕ್ಕೆ ಇಳಿಯಿತು. ಇನ್ನೂ ಇಳಿಯುತ್ತದೆ ಅಂದುಕೊಂಡಿದ್ದೆ, ಆದರೆ ಟೇಪಿನ ‘ಸ್ಸ್’ ಸದ್ದನ್ನು ಯಾವ ತಂತ್ರಾಂಶವೂ ಹಿಂಡಲಾರದು. ಕೊನೆಯ ಲೆಕ್ಕ: ಬಿ2ಗೆ 6 ಡಾಲರ್ ಚಿಲ್ಲರೆ, ಅಮೆಜಾನಿಗೆ ಒಂದೂವರೆ. ಡಾಲರಿಗೆ 85 ಹಿಡಿದರೆ ಸುಮಾರು 650 ರೂಪಾಯಿ. ಸುತ್ತಿ ಬಳಸಿ ಗೂಗಲ್ ಡ್ರೈವಿನ ದರಕ್ಕೇ ಬಂದು ನಿಂತೆ.

ದುಡ್ಡು ಕಟ್ಟುವುದೇ ಒಂದು ಯಕ್ಷಪ್ರಶ್ನೆ. ಬ್ಯಾಕ್‌ಬ್ಲೇಜಿಗೆ ಯುಪಿಐ ನಡೆಯಲಿಲ್ಲ. ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪಿನಲ್ಲಿ ಆನ್ ಮಾಡಿಕೊಳ್ಳಬೇಕು. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ, ತಿಂಗಳು ತಿಂಗಳು ತಾನಾಗಿ ಕಡಿತವಾಗುವ ವಿದೇಶಿ ಬಿಲ್ಲುಗಳು ಕೆಲವು ಕಾರ್ಡಿನಲ್ಲಿ ಸದ್ದಿಲ್ಲದೆ ತಿರಸ್ಕೃತವಾಗುತ್ತವೆ. ನನ್ನ ಮೊದಲ ಕಾರ್ಡಿನಲ್ಲಿ ಹಾಗೇ ಆಯಿತು, ಎರಡನೆಯದು ಒಪ್ಪಿತು. ಬಿಲ್ಲು ಕಟ್ಟದೆ ಬ್ಯಾಕಪ್ ಅಳಿಸಿಹೋದರೆ ಸಿಡಿಲಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಪ್ರತಿ ತಿಂಗಳು 5ನೇ ತಾರೀಕಿಗೆ ಫೋನಿನಲ್ಲಿ ಅಲಾರಂ ಇದೆ.

ಇನ್ನು ಹೆಸರಿನ ರಗಳೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಕನ್ನಡದಲ್ಲಿ ಫೈಲಿನ ಹೆಸರು ಇಡುವವರೆಲ್ಲರಿಗೂ ಒಂದಲ್ಲ ಒಂದು ದಿನ ಇದು ಕಚ್ಚುತ್ತದೆ.

ಡಿಸ್ಕಿನಲ್ಲಿ ‘ಕೋಟೇಶ್ವರ’ ಅಂತ ಎರಡು ಫೋಲ್ಡರ್ ಒಂದರ ಕೆಳಗೆ ಒಂದು ಕಂಡವು. ಅಲ್ಲಿನ ಕೊಡಿ ಹಬ್ಬದ ಹೊತ್ತಿನ ಆಟಗಳ ರೆಕಾರ್ಡಿಂಗ್ ಅವು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಸಾಧ್ಯವೇ ಇಲ್ಲವಲ್ಲ? ಬೈಟುಗಳನ್ನು ಎಣಿಸಿದೆ. ಒಂದರ ಹೆಸರು 24 ಬೈಟು, ಇನ್ನೊಂದರದ್ದು 33. ಯೂನಿಕೋಡಿನಲ್ಲಿ ‘ಕೋ’ವಿನ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರು ಬಿಡಿ ಚಿಹ್ನೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕಿನ ಹಳೇ ಎಚ್‌ಎಫ್‌ಎಸ್ ಪ್ಲಸ್ ಮಾದರಿಯ ಡಿಸ್ಕುಗಳು ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿದ್ದವು. ಅಕ್ಕನ ಹಳೇ ಮ್ಯಾಕಿನಿಂದ ಆರ್‌ಸಿಂಕ್ ಎಂಬ ಸಾಧನದಲ್ಲಿ ನಕಲು ಮಾಡಿದಾಗ ಆ ಬಿಡಿಸಿದ ಹೆಸರು ಹಾಗೇ ಬಂದು ಕೂತಿದೆ. ಕಾನ್ವ್‌ಎಮ್‌ವಿ ಅಂತ ಒಂದು ಸಣ್ಣ ಸಾಧನ ಇದನ್ನು ಕೂಡಿಸಿ ಕೊಡುತ್ತದೆ. ಸುಮ್ಮನೆ ಓಡಿಸಿದರೆ ಏನು ಮಾಡುತ್ತೇನೆ ಅಂತ ತೋರಿಸುತ್ತದಷ್ಟೆ, ನಿಜವಾಗಿ ಬದಲಿಸಲು ‘ನೋಟೆಸ್ಟ್’ ಅಂತ ಬೇರೆ ಹೇಳಬೇಕು. ಎರಡೂ ರೂಪ ಒಟ್ಟಿಗೇ ಇದ್ದ ಏಳು ಫೋಲ್ಡರುಗಳನ್ನು ಮಾತ್ರ ಕೈಯಲ್ಲೇ ಒಂದುಗೂಡಿಸಿದೆ.

ಎರಡನೆಯದು ಉದ್ದದ ತೊಂದರೆ. ಕನ್ನಡದ ಪ್ರತಿ ಚಿಹ್ನೆಗೆ, ಯೂನಿಕೋಡನ್ನು ಬೈಟಾಗಿ ಬರೆಯುವ ಯುಟಿಎಫ್-8ರಲ್ಲಿ, 3 ಬೈಟು. ‘ಕ್ಷೇ’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ನಾಲ್ಕು ಚಿಹ್ನೆ, 12 ಬೈಟು. ಆರ್‌ಕ್ಲೋನ್ ಹೆಸರಿಗೂ ಬೀಗ ಹಾಕುವಾಗ ಅದನ್ನು ಬೇಸ್32ರಲ್ಲಿ (ಬರೀ 32 ಚಿಹ್ನೆಗಳಲ್ಲಿ ಬರೆಯುವ ಕ್ರಮ) ಹಿಗ್ಗಿಸುತ್ತದೆ, ಹಾಗಾಗಿ ಮೂಲ ಹೆಸರು 143 ಬೈಟು ಮೀರದಿದ್ದರೆ ಕ್ಷೇಮ. ಅಂದರೆ ಕನ್ನಡದ 47 ಚಿಹ್ನೆ. ನಾನೋ ಟೇಪಿನ ಮೇಲೆ ಅಪ್ಪಯ್ಯ ಬರೆದದ್ದನ್ನೆಲ್ಲ ಇದ್ದ ಹಾಗೇ ಹೆಸರಾಗಿ ಇಟ್ಟಿದ್ದೆ: ಪ್ರಸಂಗ, ಭಾಗವತರು, ಯಾವ ದೇವಸ್ಥಾನದ ಗದ್ದೆ, ಯಾರ ಹರಕೆ, ‘ಮಧ್ಯೆ ಮಳೆ ಬಂತು’. 112ರಲ್ಲಿ ಅರ್ಧಕ್ಕರ್ಧ ಮಿತಿ ದಾಟಿದ್ದವು. ರೆಸ್ಟಿಕ್‌ಗೆ ಈ ಚಿಂತೆಯೇ ಇಲ್ಲ. ಅದರ ಮೂಟೆಗಳ ಹೆಸರು ಬರೀ ಹ್ಯಾಶ್ (ಒಳಗಿದ್ದದ್ದರಿಂದ ಲೆಕ್ಕ ಹಾಕಿದ ಅಂಕಿ-ಅಕ್ಷರದ ಸಾಲು), ನಮ್ಮ ಹೆಸರುಗಳು ಮೂಟೆಯ ಒಳಗಿರುತ್ತವೆ. ಆದರೆ ಡೀಪ್ ಆರ್ಕೈವ್‌ನಲ್ಲಿ ಒಮ್ಮೆ ಇಟ್ಟ ಮೇಲೆ ಹೆಸರು ಬದಲಿಸುವುದೆಂದರೆ ತೆಗೆದು, ಮತ್ತೆ ಇಟ್ಟು, 180 ದಿನದ ಬಾಡಿಗೆ ಇನ್ನೊಮ್ಮೆ. ಹೆಸರು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

‘ಟೇಪ್ 001’ರಿಂದ ‘ಟೇಪ್ 112’ರವರೆಗೆ ನಂಬರು ಹಾಕಿ, ವಿವರವನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು, ಆ ಪಟ್ಟಿಯನ್ನು ರೆಸ್ಟಿಕ್‌ಗೆ ಹಾಕುವುದು ಅಂತ ಮಾಡಿದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಪ್ಪಯ್ಯನಿಗೆ ಇದು ಸುತಾರಾಂ ಹಿಡಿಸಲಿಲ್ಲ.

‘ಹೆಸ್ರ್ ತೆಗ್ದ್ ನಂಬ್ರ್ ಹಾಕ್ರೆ ನಾಳೆ ಯಾರಿಗ್ ಗೊತ್ತಾತ್ತ್ ಮಗಾ?’

‘ಪಟ್ಟಿ ಇತ್ತಲ್ಲ ಅಪ್ಪಯ್ಯ.’

‘ಪಟ್ಟಿ ತಪ್ರೆ?’

ನಾನು ಮಾತಾಡಲಿಲ್ಲ.

ಅಪ್‌ಲೋಡ್ ಶುರುವಾದದ್ದು ಬಿಲ್ಲಿಂಗ್ ತಿಂಗಳ ಎರಡನೇ ದಿನ. ನಮ್ಮ ಫೈಬರ್ ಪ್ಲಾನೂ ಹೆಸರಿಗೆ ಅನ್‌ಲಿಮಿಟೆಡ್ಡೇ, ಆದರೆ 3300 ಜಿಬಿ ಆದ ಮೇಲೆ ವೇಗ ಬಿದ್ದುಹೋಗುತ್ತದೆ. ಏರಿಸಿದ್ದೂ ಅದರಲ್ಲೇ ಲೆಕ್ಕ. ಏರಿಸಬೇಕಾದದ್ದು 2.47 ಟಿಬಿ, ಮನೆಯವರ ಧಾರಾವಾಹಿಗಳಿಗೆ ಒಂದಿಷ್ಟು, ತಿಂಗಳೊಳಗೆ ಹಿಡಿಸುತ್ತದೆ. ಹಗಲು ಮನೆಯವರಿಗೆ ತೊಂದರೆಯಾಗಬಾರದು ಅಂತ ರೆಸ್ಟಿಕ್‌ನ ಅಪ್‌ಲೋಡ್ ಮಿತಿಗೆ 20 ಅಂತ ಬರೆದು ಮಲಗಿದೆ. 40 ಎಂಬಿಪಿಎಸ್ ಲೈನಿನಲ್ಲಿ ಅರ್ಧ ಸಾಕು ಅನ್ನುವ ಲೆಕ್ಕ. ಬೆಳಿಗ್ಗೆ ಎದ್ದು ನೋಡಿದರೆ ಉಳಿದ ಸಮಯ 5,800 ಗಂಟೆ! ಆ ಮಿತಿಯ ಅಳತೆ ಸೆಕೆಂಡಿಗೆ ಇಷ್ಟು ಕಿಲೋಬೈಟು ಅಂತ, ಮೆಗಾಬಿಟ್ ಅಲ್ಲ. ನಾನು ಕೊಟ್ಟದ್ದು 20 ಕಿಲೋಬೈಟು. ಕ್ಯಾಸೆಟ್ಟು ಮಾತ್ರ ಏರಿಸಲು ಎಂಟು ತಿಂಗಳು ಬೇಕಿತ್ತು. ಹಗಲಿಗೆ 1000, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿತಿಯೇ ಬೇಡ ಅಂತ ಮಾಡಿದ ಮೇಲೆ ದಿನಕ್ಕೆ 200 ಜಿಬಿ ಹತ್ತಿರ ಹೋಗತೊಡಗಿತು.

ಕರೆಂಟು ಹೋದಾಗ ರೆಸ್ಟಿಕ್ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. ಏರಿಸಿದ್ದು ಹಾಳಾಗುವುದಿಲ್ಲ, ಕೊನೆಯ ಕೆಲವು ನಿಮಿಷದ್ದು ಮಾತ್ರ ಮತ್ತೆ ಹೋಗುತ್ತದೆ. ಆದರೆ ಸ್ನ್ಯಾಪ್‌ಶಾಟ್ ಪೂರ್ತಿಯಾಗದೆ ನಿಂತರೆ, ಮುಂದಿನ ಸಲ ಆ ಫೋಲ್ಡರಿನ ಎಲ್ಲ ಫೈಲನ್ನೂ ಡಿಸ್ಕಿನಿಂದ ಮೊದಲಿನಿಂದ ಓದಿಕೊಂಡು ಬರುತ್ತದೆ. ಫೋಟೋದ 900 ಜಿಬಿಗೆ ಎರಡು ಗಂಟೆ ಮೇಲೆ ಹಿಡಿಯುತ್ತಿತ್ತು. ಎರಡು ಸಲ ಹೀಗಾದ ಮೇಲೆ ವರ್ಷಕ್ಕೊಂದು ಫೋಲ್ಡರಿನಂತೆ ಬೇರೆ ಬೇರೆ ಓಡಿಸಿದೆ. ಆರ್‌ಕ್ಲೋನ್ ಇನ್ನೊಂದು ಥರ: ಮುಗಿದ ಫೈಲನ್ನು ಮುಟ್ಟುವುದಿಲ್ಲ, ಅರ್ಧಕ್ಕೆ ನಿಂತದ್ದನ್ನು ಮೊದಲಿನಿಂದಲೇ ಏರಿಸುತ್ತದೆ. 13 ಜಿಬಿಯ ಟೇಪಿಗೆ ರಾತ್ರಿಯ ವೇಗದಲ್ಲಿ ಮುಕ್ಕಾಲು ಗಂಟೆ, ನಲವತ್ತನೇ ನಿಮಿಷಕ್ಕೆ ಕರೆಂಟು ಹೋದರೆ ಬೈಗುಳ ತಾನಾಗಿ ಬರುತ್ತದೆ. ಆ ಅರ್ಧ ತುಂಡುಗಳು ಅಮೆಜಾನಿನಲ್ಲಿ ಕಣ್ಣಿಗೆ ಕಾಣದೆ ಕೂತು ಬಾಡಿಗೆ ಎಣಿಸುತ್ತಿರುತ್ತವೆ. ‘ಕ್ಲೀನಪ್’ ಕೊಟ್ಟು ಗುಡಿಸಬೇಕು.

ಬಿ2 ಬಗ್ಗೆ ಎರಡು ಮಾತು. ರೆಸ್ಟಿಕ್‌ನವರೇ ಹೇಳುವಂತೆ ಅದಕ್ಕೆ ಎಸ್3 (ಅಮೆಜಾನಿನ ಜಾಗದ ಜೊತೆ ಮಾತಾಡುವ ಕ್ರಮ) ದಾರಿಯಲ್ಲಿ ಹೋಗುವುದು ಒಳ್ಳೆಯದು, ನೇರ ದಾರಿಯಲ್ಲಲ್ಲ. ಹೀಗೆ ಹೋದಾಗ ಅಳಿಸಿದ್ದು ನಿಜಕ್ಕೂ ಅಳಿಯುವುದಿಲ್ಲ, ಮರೆಯಾಗುತ್ತದಷ್ಟೆ. ಎಷ್ಟು ದಿನಕ್ಕೆ ಪೂರ್ತಿ ತೆಗೆಯಬೇಕು ಅಂತ ನಾವು ಹೇಳದಿದ್ದರೆ, ಬೇಡದ್ದನ್ನು ತೆಗೆಯುವ ‘ಪ್ರೂನ್’ ಮಾಡಿದರೂ ಬಿಲ್ಲು ಇಳಿಯುವುದಿಲ್ಲ. ನಾನು 30 ದಿನ ಇಟ್ಟಿದ್ದೇನೆ. ನಿದ್ದೆಗಣ್ಣಿನಲ್ಲಿ ಏನಾದರೂ ಅಳಿಸಿದರೆ ಒಂದು ತಿಂಗಳ ಗಡುವು ಇರಲಿ.

ಹತ್ತೊಂಬತ್ತು ದಿನಕ್ಕೆ ಎಲ್ಲ ಏರಿತು. ಪಾಸ್‌ವರ್ಡ್ ಹೋದರೆ ರೆಸ್ಟಿಕ್‌ನಲ್ಲಿ ಇಟ್ಟದ್ದೂ ಹೋಯಿತು, ಯಾರಿಗೆ ಫೋನು ಮಾಡಿದರೂ ಸಿಗುವುದಿಲ್ಲ. ಅದಕ್ಕೆ ಕಾಗದದಲ್ಲಿ ಬರೆದು ಒಂದನ್ನು ಪಹಣಿ ಪತ್ರಗಳ ಜೊತೆ ಇಟ್ಟೆ. ಅಕ್ಕನಿಗೆ ಬೇರೆಯದೇ ಪಾಸ್‌ವರ್ಡ್ ಸೇರಿಸಿ, ಅದರ ಕಾಗದವನ್ನು ಬೆಂಗಳೂರಿನ ಅವಳ ಮನೆಗೆ ಕೊಂಡುಹೋದೆ. ಅಲ್ಲೇ ಪರೀಕ್ಷೆಯೂ ಆಗಲಿ ಅಂತ ಅವಳ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ರೆಸ್ಟಿಕ್ ಇಳಿಸಿ, ‘ಮನೆ ಹೋಯಿತು, ನಾನೂ ಇಲ್ಲ, ಈ ಕಾಗದ ನೋಡಿ ಒಂದು ಕ್ಯಾಸೆಟ್ಟು ತೆಗೆ’ ಅಂದೆ. ‘ಬಿಡ್ತು ಅನ್ನು’ ಅಂತ ಬೈದು ಕೂತಳು. ಐದೇ ನಿಮಿಷಕ್ಕೆ ತಿರುಗಿ, ‘ಪಾಸ್‌ವರ್ಡ್ ಇದೆ, ಸರಿ. ಯಾವ ಊರಿನ ಯಾವ ಬೀಗಕ್ಕೆ ಇದು?’ ಅಂದಳು. ಬಕೆಟ್ಟಿನ, ಅಂದರೆ ಬಿ2ಯಲ್ಲಿರುವ ನಮ್ಮ ಜಾಗದ, ವಿಳಾಸವೂ ಬರೆದಿರಲಿಲ್ಲ, ಬಿ2ಯ ಕೀಲಿ ಸಂಖ್ಯೆಯೂ ಇರಲಿಲ್ಲ! ಎರಡೂ ಇದ್ದದ್ದು ಕುಂದಾಪುರದ ಕಂಪ್ಯೂಟರಿನಲ್ಲಿ, ಯಾವುದು ಸುಟ್ಟುಹೋಯಿತು ಅಂತ ನಾವು ನಾಟಕ ಆಡುತ್ತಿದ್ದೆವೋ ಅದರಲ್ಲಿ. ಕಾಗದ ಹೊಸದಾಗಿ ಬರೆದೆ: ವಿಳಾಸ, ಕೀಲಿ, ಪಾಸ್‌ವರ್ಡ್, ಟೈಪು ಮಾಡಬೇಕಾದ ಮೂರು ಸಾಲು ಇದ್ದದ್ದಿದ್ದ ಹಾಗೆ, ಆರ್‌ಕ್ಲೋನಿನ ಎರಡು ಪಾಸ್‌ವರ್ಡ್. ಆಮೇಲೆ ಅಕ್ಕ ಒಬ್ಬಳೇ ಒಂದು ಕ್ಯಾಸೆಟ್ಟು ತೆಗೆದಳು. ಚೆಂಡೆಯ ಮೊದಲ ಪೆಟ್ಟು ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ಡಬ್ಬ ಬಡಿದ ಹಾಗೆ ಕೇಳಿತು.

ಈಗ ರಾತ್ರಿ ಎರಡಕ್ಕೆ ರೆಸ್ಟಿಕ್ ತಾನಾಗಿ ಓಡುತ್ತದೆ. ತಿಂಗಳಿಗೊಮ್ಮೆ ‘ಚೆಕ್’ ಕೊಟ್ಟು ಐವತ್ತರಲ್ಲಿ ಒಂದು ಪಾಲನ್ನು ನಿಜವಾಗಿ ಇಳಿಸಿ ನೋಡುತ್ತೇನೆ, ಸುಮಾರು 20 ಜಿಬಿ, ಒಂದು ಗಂಟೆ ಮೇಲೆ ಸ್ವಲ್ಪ. ಡೀಪ್ ಆರ್ಕೈವ್ ಒಂದು ಉಳಿದಿತ್ತು. 100 ಜಿಬಿ ಪುಕ್ಕಟೆ ಇದೆಯಲ್ಲ, ಒಂದು ಟೇಪಿಗೆ ಹೆಚ್ಚೇನೂ ಖರ್ಚಿಲ್ಲ ಅಂತ ಕಣ್ಣು ಮುಚ್ಚಿ 43ನೇ ಟೇಪನ್ನು ಬಲ್ಕಿನಲ್ಲಿ ಕೇಳಿದೆ. ಮರುದಿನ ಪೂರ್ತಿ ಬರಲಿಲ್ಲ. ಅದರ ಮರುದಿನ ಬೆಳಿಗ್ಗೆ ಸಿಕ್ಕಿತು. ಇಳಿಸಿ, ಬೀಗ ತೆಗೆದು, ಟಿ.ವಿ.ಗೆ ಹಾಕಿದೆ. ರಂಗಸ್ಥಳ, ಹಳದಿ ದೀಪ, ಹಿಂದೆ ಯಾರದೋ ಮಗು ಅಳುವುದು, ಎಲ್ಲ ಇತ್ತು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಅರ್ಧ ನಿಮಿಷ ನೋಡಿದರು.

‘ಇದ್ ನಲ್ವತ್ಮೂರ್ ಅಲ್ಲ ಮಗಾ. ಇದ್ ಮೂವತ್ನಾಲ್ಕ್.’

ಪಟ್ಟಿ ತೆಗೆದು ನೋಡಿದೆ. 43ರ ಮುಂದೆ ಇದ್ದದ್ದು ಬೇರೆ ಊರಿನ ಆಟ, ಬೇರೆ ಮೇಳ. ಕ್ಲೌಡಿನಲ್ಲಿ ಹೆಸರು ಮುಟ್ಟುವ ಹಾಗಿಲ್ಲ. ಪಟ್ಟಿಯಲ್ಲಿ 34, 43ರ ಸಾಲುಗಳನ್ನು ಅದಲುಬದಲು ಮಾಡಿದೆ. ಉಳಿದ 110ನ್ನು ದಿನಕ್ಕೆ ಐದರಂತೆ ಮನೆಯ ಡಿಸ್ಕಿನಿಂದಲೇ ಟಿ.ವಿ.ಗೆ ಹಾಕಿ ಅಪ್ಪಯ್ಯನಿಗೆ ತೋರಿಸುತ್ತಿದ್ದೇನೆ. ನಿನ್ನೆಗೆ 61 ಮುಗಿಯಿತು, ಇನ್ನೆರಡು ತಪ್ಪು ಸಿಕ್ಕಿವೆ.